ಶನಿವಾರದ ಕೊನೆಯ ತಾಸು

೪ ನವೆಂಬರ್ ೧೯೮೪, ರವಿವಾರ

ಇಂದು ರೈಲುಗಳು ಸರಿಯಾಗಿ ಓಡಿದವು. ದಿಲ್ಲಿಯಲ್ಲಿ ಪ್ರಧಾನಿಯನ್ನು ಕೊಂದ ಸುದ್ದಿ ಬಂದಾಗಿನಿಂದ ಕಲ್ಯಾಣದ ನಮ್ಮ ಗೂಡ್ಸ್ ಶೆಡ್ಡಿನಲ್ಲಿ ಮಾಲು ಹಾಗೆಯೇ ಬಿದ್ದಿತ್ತು. ದೇಶವೆಲ್ಲ ಅಳುತ್ತಿತ್ತು. ನಮ್ಮ ಮನೆಯ ಅಳು ಅದರಲ್ಲಿ ಸೇರಿಹೋಗಿ ಯಾರಿಗೂ ಬೇರೆಯಾಗಿ ಕೇಳಿಸಲಿಲ್ಲ. ಅದೂ ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು.

ನಮ್ಮ ಮಗ ಮಾಂತು ಹೋಗಿ ತಿಂಗಳಾಯಿತು. ಮಹಾಂತೇಶ ಎಂದು ಬರೆಯಬೇಕು, ಆದರೆ ಬರೆಯಲು ಹೋದರೆ ಕೈ ಮಾಂತು ಎಂದೇ ಬರೆಯುತ್ತದೆ. ಇಂಜಿನಿಯರಿಂಗ್ ಮುಗಿಸಿ ಜೂನ್ ತಿಂಗಳಲ್ಲಿ ತುರ್ಭೆಯ ಕೆಮಿಕಲ್ ಫ್ಯಾಕ್ಟರಿಗೆ ಸೇರಿದ್ದ. ಶಿಫ್ಟ್ ಇನ್‌ಚಾರ್ಜ್. ಖಂಡೆನವಮಿಯ ಆಯುಧಪೂಜೆ ದಿನ ಮುಂಜಾನೆ ಅಲ್ಲಿಯ ದೊಡ್ಡ ಪಾತ್ರೆಯೊಂದು ಕಾದು ಅದರ ಮುಚ್ಚಳ ಹಾರಿತು. ತಣ್ಣೀರು ಸಮಯಕ್ಕೆ ಬಿಡಲಿಲ್ಲವಂತೆ. ಕಲ್ಯಾಣದ ರುದ್ರಭೂಮಿಯಲ್ಲಿ ಮಣ್ಣು ಮಾಡಿದೆವು. ನನ್ನ ಹೆಂಡತಿ ಸುಶೀಲೆಗೆ ಮಗನ ಮುಖ ತೋರಿಸಲಿಲ್ಲ.

ಫ್ಯಾಕ್ಟರಿಯ ಮೊದಲ ವರದಿಯನ್ನು ಕೆಳಗಿನ ಮನೆಯ ಮಾಸ್ತರರು ಓದಿ ಹೇಳಿದರು. 'ಶಿಫ್ಟ್ ಇನ್‌ಚಾರ್ಜನ ನಿಷ್ಕಾಳಜಿ' ಎಂದು ಇದೆಯಂತೆ. ಆ ಶಬ್ದ ಬಂದಲ್ಲಿ ಮಾಸ್ತರರು ದನಿ ತಗ್ಗಿಸಿದರು.

ನಾನು ಮುಲ್ಕಿ, ಅಂದರೆ ಏಳನೆಯ ತರಗತಿ, ಪಾಸಾದವನು. ಮ್ಯಾಟ್ರಿಕ್ ಆಗಲಿಲ್ಲ. ಜನ ಸಮಾಧಾನ ಹೇಳಲು ಬರುತ್ತಾರೆ, ನನಗೆ ತಿರುಗಿ ಮಾತೇ ಬರುವುದಿಲ್ಲ. ಅದಕ್ಕೆ ಇಲ್ಲಿ ಬರೆಯುತ್ತೇನೆ. ನನ್ನ ಮಗ ನಿಷ್ಕಾಳಜಿ ಮಾಡುವವನಲ್ಲ. ಸಣ್ಣವನಿದ್ದಾಗಲೂ ಸ್ಟೋವಿನ ಹತ್ತಿರ ತಾಯಿಯ ಸೆರಗು ಹೋದರೆ ಓಡಿ ಬಂದು ಹಿಂದೆ ಸರಿಸುತ್ತಿದ್ದ. ಅವನ ತಪ್ಪಲ್ಲ ಎಂದು ಯಾರಾದರೂ ಬರೆದು ಕೊಡಲಿ. ಮತ್ತೇನೂ ಬೇಡ.

೭ ನವೆಂಬರ್, ಬುಧವಾರ

ಕೆಲಸಕ್ಕೆ ಹೋಗಿ ಬಂದೆ. ನಮ್ಮ ರೈಲು ಠಾಕುರ್ಲಿ ದಾಟಿದ ಮೇಲೆ ಎದುರಿನಿಂದ ಇನ್ನೊಂದು ಗಾಡಿ ಬರುತ್ತಿತ್ತು. ಬಾಗಿಲಲ್ಲಿ ಇನ್ನೂ ಸ್ವಲ್ಪ ಹೊರಗೆ ವಾಲಿ ನಿಲ್ಲಬಹುದು ಎನಿಸಿತು. ಹಿಂದೆ ಇದ್ದ ಯಾರೋ ಅಂಗಿ ಹಿಡಿದು ಒಳಗೆಳೆದು ಬೈದರು.

ಡಬ್ಬಿಯ ರೊಟ್ಟಿ ಹಾಗೆಯೇ ತಿರುಗಿ ಬಂದದ್ದನ್ನು ಸುಶೀಲೆ ನೋಡಿದಳು. 

೧೮ ನವೆಂಬರ್, ರವಿವಾರ

ಫ್ಯಾಕ್ಟರಿಯ ಪರ್ಸೊನೆಲ್ ಆಫೀಸರ್ ಸರ್ವೋತ್ತಮ ರಾಯರು ಬಂದಿದ್ದರು. ಉಡುಪಿ ಕಡೆಯವರು. ಚಪ್ಪಲಿಯನ್ನು ಹೊರಗೆ ಬಿಟ್ಟು, ಚಾಪೆಯ ಮೇಲೆ ಕುಳಿತು, ಮಾಂತುವಿನ ಫೋಟೋಕ್ಕೆ ಕೈ ಮುಗಿದರು. ಒಳ್ಳೆಯ ಮನುಷ್ಯ.

"ಆ ಮೊದಲಿನ ವರದಿ ಗಡಿಬಿಡಿಯಲ್ಲಿ ಬರೆದದ್ದು, ಬಸಲಿಂಗಪ್ಪನವರೇ," ಅಂದರು. "ಪೂರ್ತಿ ವಿಚಾರಣೆ ಇನ್ನು ಆಗಬೇಕಷ್ಟೆ. ತಪ್ಪು ಆಪರೇಟರನದ್ದು. ಅಂಬಾರಾಯ ಅಂತ, ಗುಲ್ಬರ್ಗದವ. ತಣ್ಣೀರಿನ ವಾಲ್ವ್ ತಿರುಗಿಸಲಿಕ್ಕೆ ಒಂದು ಕಬ್ಬಿಣದ ಚಾವಿ ಉಂಟು. ಅದನ್ನು ಜಾಗದಲ್ಲಿ ಇಡುವುದು ಅವನ ಕೆಲಸ. ಆ ದಿನ ಅದು ಜಾಗದಲ್ಲಿ ಇರಲಿಲ್ಲ."

ಆ ಹೆಸರನ್ನು ನಾನು ಇನ್ನೊಮ್ಮೆ ಹೇಳಿಸಿಕೊಂಡೆ.

"ನಿಮ್ಮ ಮಗ ಮನೆಯಲ್ಲಿ ಅವನ ವಿಷಯ ಎಂತಾದರೂ ಹೇಳಿದ್ದುಂಟಾ?"

ಹೇಳಿದ್ದ. ಗಣಪತಿ ಹಬ್ಬದ ಸುಮಾರಿಗೆ ಊಟ ಮಾಡುತ್ತಾ, "ಅಪ್ಪಾ, ಆ ಅಂಬಾರಾಯಗ ಒಂದು ಮಾತು ಹತ್ತು ಸಲ ಹೇಳಬೇಕು" ಅಂದಿದ್ದ. ನಾನು ರಾಯರಿಗೆ ಹಾಗೆಯೇ ಹೇಳಿದೆ.

"ಅಷ್ಟು ಸಾಕು ಮಾರಾಯರೇ! ಅದನ್ನೇ ವಿಚಾರಣೆಯಲ್ಲಿ ಬಂದು ಹೇಳಿ. ಸುಳ್ಳೇನೂ ಹೇಳಬೇಕಾದ್ದಿಲ್ಲ. ಮತ್ತೆ ಹುಡುಗನ ಹೆಸರು ಚೊಕ್ಕ ಆಗ್ತದೆ. ಅವನ ಕಾಲೇಜಿನಲ್ಲಿ ಕಂಪನಿಯಿಂದ ಅವನ ಹೆಸರಿನ ಪದಕ ಇಡುವ ಅಂತ ಮ್ಯಾನೇಜರರು ಹೇಳಿದ್ದಾರೆ. ವರ್ಷ ವರ್ಷ ಮೊದಲನೇ ನಂಬರಿನವನಿಗೆ."

ಸುಶೀಲೆ ಇಷ್ಟು ದಿನಗಳಲ್ಲಿ ಮೊದಲ ಸಲ ಪರರ ಎದುರಿಗೆ ಬಂದು ನಿಂತಳು.

"ಪದಕದ ಮ್ಯಾಲ ಅವನ ಹೆಸರು ಕನ್ನಡದಾಗ ಇರ್ತದೇನ್ರಿ?"

"ಇಂಗ್ಲಿಷಿನಲ್ಲಿ ಇರ್ತದೆ, ಅಮ್ಮ."

"ಇರ್ಲಿ. ಇದ್ರ ಸಾಕು," ಅಂದಳು.

೨೧ ನವೆಂಬರ್, ಬುಧವಾರ

ಅಂಬಾರಾಯ. ಈ ಹೆಸರು ಸಿಕ್ಕಿದ ಮೇಲೆ ನಿದ್ದೆ ಬರುತ್ತಿದೆ. ಗಾಡಿಯಲ್ಲಿ ನಿಂತಾಗ, ಶೆಡ್ಡಿನಲ್ಲಿ ಮಾಲಿಗೆ ಗುರುತು ಹಾಕುವಾಗ, ಮನಸ್ಸಿನಲ್ಲಿ ಅವನಿಗೆ ಬೈಯುತ್ತಿರುತ್ತೇನೆ. ಅವನನ್ನು ನೋಡಿಲ್ಲ, ಆದರೂ ಮುಖ ಕಾಣುತ್ತದೆ. ಇಂದು ಡಬ್ಬಿ ಖಾಲಿ ಮಾಡಿದೆ.

೨ ಡಿಸೆಂಬರ್, ರವಿವಾರ

ಮಾಂತುವಿನ ಕಾಲೇಜಿನಿಂದ ಇಂದಿನವರೆಗೆ ಯಾರೂ ಬಂದಿರಲಿಲ್ಲ. ಇಂದು ಠಾಣೆ ಊರಿನ ಆ ಕಾಲೇಜಿನಿಂದ ಒಬ್ಬ ಮೇಡಂ ಬಂದರು. ಹೆಸರು ಹರಿಣಾಕ್ಷಿ. ಮಂಗಳೂರು ಕಡೆಯ ಮಾತು. ಮಷೀನು ಕಲಿಸುವವರಲ್ಲ. ಅಲ್ಲಿ ಇತಿಹಾಸ, ಸಮಾಜ, ಸ್ವಲ್ಪ ಸಾಹಿತ್ಯ ಕಲಿಸುತ್ತಾರಂತೆ.

"ಇಂಜಿನಿಯರಿಂಗ್ ಕಲಿಯೋ ಹುಡುಗರಿಗೆ ಅದ್ಯಾಕ?" ಎಂದು ಕೇಳಿದೆ. ದನಿ ಸ್ವಲ್ಪ ಗಡುಸಾಯಿತು.

"ನಮ್ಮ ಪ್ರಿನ್ಸಿಪಾಲರೂ ಹಾಗೇ ಕೇಳ್ತಾರೆ," ಎಂದು ನಕ್ಕರು. ಸಿಟ್ಟಾಗಲಿಲ್ಲ. "ವಾರಕ್ಕೆ ಒಂದು ತಾಸು, ಶನಿವಾರ ಕೊನೆಯದ್ದು. ಹುಡುಗರು ಅದಕ್ಕೆ ಟೈಂಪಾಸ್ ಅಂತಾರೆ. ಮಾರ್ಕು ಇಲ್ಲ, ಹಾಜರಿ ಮಾತ್ರ. ಕೂತುಕೊಂಡು ಡ್ರಾಯಿಂಗ್ ಶೀಟ್ ಮುಗಿಸ್ತಾರೆ. ಮುಂದಿನ ವರ್ಷದಿಂದ ಅದೂ ಇಲ್ಲ. ಆ ತಾಸನ್ನು ಕಂಪ್ಯೂಟರಿಗೆ ಕೊಡ್ತಾರೆ."

ಸುಶೀಲೆ ಚಹಾ ತಂದಿಟ್ಟು, "ನಮ್ಮ ಮಾಂತು ಹ್ಯಾಂಗಿದ್ದ ನಿಮ್ಮ ಕ್ಲಾಸಿನ್ಯಾಗ?" ಎಂದು ಕೇಳಿದಳು.

ಮೇಡಂ ಚಹಾದ ಕಪ್ಪನ್ನು ಕೆಳಗಿಟ್ಟರು. "ನಾನು ಹುಡುಗರಿಗೆ ಒಂದು ಕೆಲಸ ಕೊಡ್ತೇನಮ್ಮ. ಎಲ್ಲಿಗಾದರೂ ಹೋಗಿ, ಕೆಲಸ ಮಾಡುವವರ ಹತ್ತಿರ ಕೂತು ಕೇಳಿ ಅಂತ. ಕೆಲಸ ಶುರು ಮಾಡುವ ಮೊದಲು ನೀವು ಏನು ಮಾಡ್ತೀರಿ, ಯಾಕೆ ಮಾಡ್ತೀರಿ, ಇಷ್ಟೇ. ಹೆಚ್ಚಿನವರು ಹಾಸ್ಟೆಲಿನಲ್ಲೇ ಕೂತು ಬರೆದು ತರ್ತಾರೆ. ನಿಮ್ಮ ಮಗ ಹೋಗಿ ಕೇಳಿದ್ದನೋ ಇಲ್ಲವೋ ನನಗೆ ನೆನಪಿಲ್ಲ. ಹೋಗಿದ್ದ ಅಂತ ಹೇಳಿದರೆ ನಿಮಗೆ ಸಮಾಧಾನ ಆದೀತು. ಆದರೆ ನೆನಪಿಲ್ಲ."

ಇದನ್ನು ಹೇಳಲು ಇಷ್ಟು ದೂರ ಬರಬೇಕೇ? ಸಿಟ್ಟಿನಲ್ಲಿ ನಾನು ಅಂಬಾರಾಯನ ವಿಷಯ ಎತ್ತಿದೆ. ಅವರು ನನ್ನ ಕಡೆ ತಿರುಗಿ, "ಆ ದಿನ ಅಲ್ಲಿ ಎಂತ ಆಯಿತು ಅಂತ ಆ ಆಪರೇಟರನ್ನು ಕೇಳಿದಿರಾ?" ಅಂದರು.

"ಕೊಂದಾವನ್ನ ಏನು ಕೇಳೂದ್ರಿ?"

ಅವರು ಎದ್ದರು. ಹೋಗುವಾಗ ಸುಶೀಲೆಯ ಕೈ ಹಿಡಿದು ನಿಂತರು. ಇಬ್ಬರೂ ಅತ್ತರು. ನಾನು ಬಾಗಿಲ ಹೊರಗಿನ ಗ್ಯಾಲರಿಗೆ ಹೋಗಿ ನಿಂತೆ.

೫ ಡಿಸೆಂಬರ್, ಬುಧವಾರ

ಭೋಪಾಳದಲ್ಲಿ ಫ್ಯಾಕ್ಟರಿಯ ವಿಷಗಾಳಿಗೆ ಜನ ಮಲಗಿದಲ್ಲೇ ಸತ್ತಿದ್ದಾರೆ. ಎಷ್ಟು ಮಂದಿ ಎಂದು ರೇಡಿಯೋದವರಿಗೂ ಗೊತ್ತಿಲ್ಲ. ಸುಶೀಲೆ ರೇಡಿಯೋ ಬಂದ್ ಮಾಡಿ, "ಎಲ್ಲಾರ ಮನ್ಯಾಗೂ ಬಂತು," ಅಂದಳು.

ವಿಚಾರಣೆ ಬೇಗ ಮುಗಿಸುತ್ತಾರೆ, ಜನವರಿ ಮೊದಲ ವಾರವೇ ಇದೆ ಎಂದು ಸರ್ವೋತ್ತಮ ರಾಯರು ಶೆಡ್ಡಿಗೆ ಫೋನು ಮಾಡಿ ಹೇಳಿದರು. ಈಗ ಎಲ್ಲರ ಕಣ್ಣೂ ಫ್ಯಾಕ್ಟರಿಗಳ ಮೇಲಿದೆಯಂತೆ.

೯ ಡಿಸೆಂಬರ್, ರವಿವಾರ

ತುರ್ಭೆಗೆ ಹೋಗಿದ್ದೆ. ಕೇಳಲು ಹೋದದ್ದಲ್ಲ. ಅವನ ಮುಖ ನೋಡಿ, ಮನಸ್ಸಿನಲ್ಲಿ ಬೈದದ್ದನ್ನು ಎದುರಿಗೆ ಬೈದು ಬರಬೇಕೆಂದು ಹೋದದ್ದು. ಸುಶೀಲೆಗೆ ಹೇಳಲಿಲ್ಲ.

ಠಾಣೆಯಲ್ಲಿ ರೈಲು ಇಳಿದು ಬೇಲಾಪುರ ರಸ್ತೆಯ ಬಸ್ಸು ಹಿಡಿದೆ. ಮಾಂತು ದಿನಾ ಇದೇ ದಾರಿಯಲ್ಲಿ ಹೋಗುತ್ತಿದ್ದ. ಒಂದರ ಪಕ್ಕ ಒಂದು ಫ್ಯಾಕ್ಟರಿ. ಪ್ರತಿಯೊಂದಕ್ಕೂ ಬೇರೆ ಬೇರೆ ವಾಸನೆ. ಅವನ ಅಂಗಿಗೆ ಇರುತ್ತಿದ್ದ ವಾಸನೆ ಯಾವ ಗೇಟಿನದು ಎಂದು ಮೂಗಿನಿಂದಲೇ ಗೊತ್ತಾಯಿತು. ಬಸ್ಸಿನಿಂದ ಇಳಿಯದೆ ತಿರುಗಿ ಹೋಗಿಬಿಡೋಣ ಎನಿಸಿತು. ಹಿಂದಿನವರು ದೂಡಿದ್ದರಿಂದ ಇಳಿದೆ.

ಗುಡ್ಡ ಕಡಿದ ಖಡಿಕಲ್ಲಿನ ಧೂಳಿನಲ್ಲಿ ತಗಡಿನ ಮನೆಗಳು. ಅರ್ಧಕ್ಕೆ ಅರ್ಧ ನಮ್ಮ ಕಡೆಯ ಜನ. ಅಂಬಾರಾಯನ ಮನೆ ಕೇಳಿದರೆ ಎಲ್ಲರೂ ಕೈ ಮಾಡಿ ತೋರಿಸಿದರು. ಬಾಗಿಲಲ್ಲಿ ಅವನ ಹೆಂಡತಿ ಬಾಲಮ್ಮ ಜೋಳ ಹಸನು ಮಾಡುತ್ತಿದ್ದಳು. ನನ್ನ ಟೋಪಿಯಿಂದ ಚಪ್ಪಲಿಯವರೆಗೆ ನೋಡಿದಳು.

"ಇನ್ನ ಯಾರ್ ಬಂದ್ರಪಾ? ಪೊಲೀಸರು ಬಂದು ಹ್ವಾದ್ರು, ಯೂನಿಯನ್ನವ್ರು ಬಂದು ಹ್ವಾದ್ರು. ಮಂತ್ರಿ ಒಬ್ಬಾಂವ ಉಳದಾನ. ನೀವು ಮಂತ್ರೀನೇನ್ರಿ?"

"ನಾ ಮಹಾಂತೇಶನ ತಂದಿ," ಅಂದೆ.

ಮೊರ ಅವಳ ಕೈಯಿಂದ ಜಾರಿತು. ಜೋಳ ಅಂಗಳದ ತುಂಬ ಚೆಲ್ಲಿತು.

ಒಳಗೆ ಒಬ್ಬ ಮನುಷ್ಯ ಗೋಡೆಗೆ ಒರಗಿ ಕುಳಿತಿದ್ದ. ನನಗಿಂತ ಒಂದೆರಡು ವರ್ಷ ಹಿರಿಯನಿರಬಹುದು. ನಾನು ಮನಸ್ಸಿನಲ್ಲಿ ಕಂಡ ಮುಖ ಅದಲ್ಲ. ಎರಡೂ ಕೈಗಳಿಗೆ ಮೊಣಕೈವರೆಗೆ ಪಟ್ಟಿ. ನನ್ನನ್ನು ನೋಡಿ ಕಾಲಿಗೆ ಬೀಳಲು ಬಗ್ಗಿದ. ಊರಲು ಕೈ ಇಲ್ಲದೆ ಮಗ್ಗುಲಾಗಿ ಬಿದ್ದ. ನಾನೇ ಹಿಡಿದು ಕೂರಿಸಿದೆ.

ಬೈಗುಳ ಒಂದೂ ಬಾಯಿಗೆ ಬರಲಿಲ್ಲ. ಬಾಲಮ್ಮ ನೀರು ತಂದು ಕೊಟ್ಟಳು, ಕುಡಿದೆ. ಕೊನೆಗೆ ಏನಾದರೂ ಮಾತನಾಡಬೇಕಲ್ಲ ಎಂದು, "ಆ ದಿನ ಮುಂಜಾನಿ ಕೆಲಸ ಸುರು ಮಾಡೂ ಮೊದಲ ನೀವು ಏನೇನು ಮಾಡಿದ್ರಿ?" ಅಂದೆ. ಯಾಕೆ ಹಾಗೆ ಕೇಳಿದೆನೋ ತಿಳಿಯದು.

ಅವನು ನನ್ನನ್ನೇ ನೋಡಿದ. "ಇದನ್ನ ಯಾರೂ ಕೇಳಿಲ್ರಿ," ಅಂದ. "ಚಾವಿ ಎಲ್ಲಿತ್ತು ಅಂತ ಕೇಳಿದ್ರು. ದೇವರ ಮುಂದಿತ್ತು ಅಂದೆ. ಸಾಕು ಅಂದ್ರು."

ಆಮೇಲೆ ಹೇಳಿದ.

"ಖಂಡೆನವಮಿ ದಿನ ನಮ್ಮ ಪ್ಲಾಂಟಿನ್ಯಾಗ ಚಾವಿ, ಪಾನಾ, ಸುತ್ತಗಿ ಎಲ್ಲಾ ದೇವಿ ಮುಂದ ಇಟ್ಟು ಪೂಜಿ ಮಾಡ್ತೀವ್ರಿ. ಇನ್‌ಚಾರ್ಜ್ ಸಾಹೇಬ್ರು ಕಾಯಿ ಒಡೀಬೇಕು. ಆಮ್ಯಾಲ ತಮ್ಮ ಕೈಲೆ ಒಂದೊಂದು ಎತ್ತಿ ನಮ್ಮ ಕೈಯಾಗ ಕೊಡಬೇಕು. ಅಲ್ಲೀ ಮಟಾ ಯಾರೂ ಮುಟ್ಟಲ್ರಿ, ಮಷೀನಾ ಚಾಲೂ ಮಾಡಲ್ರಿ. ಹಳೇ ಸಾಹೇಬ್ರು ರಿಟೈರ್ ಆಗೂತನಾ ಹಂಗೇ ನಡದದ. ಈ ವರ್ಷ ನಿಮ್ಮ ಮಗ ಹೊಸಬ್ರು. ಕಾಯಿ ಕೈಯಾಗ ಕೊಡ್ಲಾಕ ಹೋದೆ. 'ನಿಮ್ಮ ಪೂಜಿ, ನೀವೇ ಒಡೀರಿ ಕಾಕಾ, ನಂದೇನದ' ಅಂದು ನಕ್ಕೋತ ಮ್ಯಾಲ ಹೋದ್ರು."

"ನೀವು ಒಡದ್ರೇನು?"

"ನಾ ಹ್ಯಾಂಗ ಒಡೀಲ್ರಿ? ಸಾಹೇಬ್ರು ಇದ್ದಾಗ ಆಪರೇಟರ್ ಒಡದ್ರ ಸೊಕ್ಕು ಅನಸ್ತದ. ಕೆಲಸ ಮುಗಿಸಿ ಬರ್ತಾರ ಅಂತ ಕುಂತೀವಿ. ಅವರು, ಪೂಜಿ ಮುಗೀತು ಅಂತ ತಿಳದು, ಮ್ಯಾಲಿಂದ ಪಾತ್ರಿಗಿ ಮಾಲು ಬಿಟ್ರು. ಹಬಿ ಬಿಟ್ರು. ಆಮ್ಯಾಲ 'ಕಾಕಾ, ನೀರು!' ಅಂತ ಒದರಿದ್ರು."

ಅವನು ನಿಲ್ಲಿಸಿದ. ಬಾಲಮ್ಮ ಅವನ ಬೆನ್ನ ಮೇಲೆ ಕೈ ಇಟ್ಟಳು.

"ಓಡಿದೆ. ಚಾವಿ ಹೂವಿನ ಬುಡಕಿತ್ತು. ಕಾಯಿ ಒಡದಿಲ್ಲ. ಹ್ಯಾಂಗ ಎತ್ತಲಿ? ಕೈ ಮುಗದೆ. ಕೈ ಮುಂದ ಹೋಗಲಿಲ್ಲ. ಇನ್ನೊಮ್ಮೆ ಮುಗದೆ. ತಪ್ಪಾತವ್ವಾ ಅಂದೆ. ಆಮ್ಯಾಲ ಎತ್ತಿಕೊಂಡು ಓಡಿದೆ. ವಾಲ್ವಿಗಿ ಚಾವಿ ಹಾಕೂದ್ರಾಗ..."

"ದಿನಾ ಇದೇ ಹೇಳ್ತಾನ್ರಿ," ಅಂದಳು ಬಾಲಮ್ಮ. "ನಾ ಎರಡನೇ ಸಲ ಯಾಕ ಮುಗದೆ, ಎರಡನೇ ಸಲ ಯಾಕ ಮುಗದೆ ಅಂತ."

ಬಸ್ಸಿನಲ್ಲಿ ಬರುವಾಗ ಬೈಯಲು ಯಾರೂ ಉಳಿದಿರಲಿಲ್ಲ. ಅದು ಇನ್ನೂ ಕಷ್ಟ.

೧೦ ಡಿಸೆಂಬರ್, ಸೋಮವಾರ

ನಮ್ಮ ಗೂಡ್ಸ್ ಶೆಡ್ಡಿನಲ್ಲಿಯೂ ಖಂಡೆನವಮಿಗೆ ತೂಕದ ಕಾಟಾಕ್ಕೆ ಪೂಜೆ ಆಗುತ್ತದೆ. ಸೂಪರ್‌ವೈಜರ್ ಕಾಯಿ ಒಡೆಯುವವರೆಗೆ ಯಾವ ಹಮಾಲನೂ ಅದರ ಮೇಲೆ ಚೀಲ ಇಡುವುದಿಲ್ಲ. ನಾನು ನೌಕರಿಗೆ ಸೇರಿದಾಗಿನಿಂದ ನೋಡುತ್ತಾ ಬಂದದ್ದು. ಮಾಂತುವಿಗೆ ಇದನ್ನು ಹೇಳಬೇಕೆಂದು ಒಂದು ದಿನವೂ ಹೊಳೆದಿಲ್ಲ. ಇದು ಹೇಳುವ ಮಾತೇ ಅಲ್ಲ. ಗಾಳಿ ಇದೆ ಎಂದು ಯಾರು ಯಾರಿಗೆ ಹೇಳುತ್ತಾರೆ? ಮನೆಯಲ್ಲಿ ಈಳಿಗೆಗೂ ಹೊಲಿಗೆ ಯಂತ್ರಕ್ಕೂ ಸುಶೀಲೆ ಹೂವು ಏರಿಸಿ ಊದಿನಕಡ್ಡಿ ಬೆಳಗಿದರೆ ಪೂಜೆ ಮುಗಿಯಿತು. ಅವನು ಕಂಡದ್ದು ಅಷ್ಟೇ.

'ನಿಮ್ಮ ಪೂಜಿ, ನೀವೇ ಒಡೀರಿ.' ಅವರಿಗೆ ಮರ್ಯಾದೆ ಕೊಟ್ಟೆ ಎಂದೇ ತಿಳಿದಿದ್ದನೋ ಏನೋ ನನ್ನ ಮಗ. ನಕ್ಕೋತ ಹೋದ ಎಂದನಲ್ಲ ಅಂಬಾರಾಯ.

ಆ ನಗುವನ್ನು ನೋಡಿದ ಕೊನೆಯವನು ಅವನು.

೨೩ ಡಿಸೆಂಬರ್, ರವಿವಾರ

ಸುಶೀಲೆಗೆ ಎಲ್ಲ ಹೇಳಿದೆ. ಹೇಳಬಾರದಿತ್ತು. ಹೇಳದೆ ಇರಲೂ ಆಗಲಿಲ್ಲ.

"ಅಲ್ಲಿಗೆ ಹ್ವಾದ್ರಿ? ಅವನ ಮನ್ಯಾಗ ಕುಂತ್ರಿ? ನೀರು ಕುಡದ್ರಿ?"

"ಕುಡದೆ."

"ಅವ ಹೇಳಿದ್ದೆಲ್ಲಾ ಖರೇ ಅಂತ ಹ್ಯಾಂಗ ನಂಬಿದ್ರಿ?"

"ತಾ ಎರಡು ಸಲ ಕೈ ಮುಗದೆ ಅಂತ ಅವ ತಾನ ಹೇಳಿದ, ಸುಶೀಲಾ. ಸುಳ್ಳು ಹೇಳಾವ ತನ್ನ ಮ್ಯಾಲ ಯಾಕ ಹಾಕ್ಕೋತಾನ?"

ಅವಳು ಹಿಟ್ಟು ನಾದುವುದನ್ನು ಬಿಟ್ಟು, ಹಿಟ್ಟಿನ ಕೈಯಲ್ಲೇ ಬಂದು ನನ್ನ ಮುಂದೆ ಕುಳಿತಳು. "ನನಗ ಯಾರ ತಪ್ಪು ಅಂತ ಬ್ಯಾಡ. ನನ್ನ ಮಗನ ಹೆಸರಿನ ಮುಂದ ಆ ಶಬ್ದ ಇರಬಾರ್ದು. ಪದಕದ ಮ್ಯಾಲ ಅವನ ಹೆಸರು ಇರಬೇಕು. ನೀವು ಸುಳ್ಳು ಹೇಳೂದೂ ಬ್ಯಾಡ. ಅವ ಹೇಳಿದ್ದ ಮಾತು ಹೇಳಿ ಬರ್ರಿ. ಅಷ್ಟೂ ಆಗೂದಿಲ್ಲೇನು ನಿಮ್ಮ ಕೈಲೆ?"

"ಆಗ್ತದ," ಅಂದೆ.

ಆಗುತ್ತದೆ. ಅದೇ ನನಗೆ ಅಂಜಿಕೆ. ಆ ಮಾತು ನಿಜ. ಹೇಳಿದರೆ ಅಂಬಾರಾಯನ ನೌಕರಿ ಹೋಗುತ್ತದೆ. ಆ ಕೈಗಳಿಗೆ ಇನ್ನು ಯಾರು ಕೆಲಸ ಕೊಡುತ್ತಾರೆ? ಹೇಳದಿದ್ದರೆ ನನ್ನ ಮಗ ಇನ್ನೊಮ್ಮೆ ಸಾಯುತ್ತಾನೆ.

೨೯ ಡಿಸೆಂಬರ್, ಶನಿವಾರ

ಹಮಾಲ ಶಂಭು ಚೀಲ ಎತ್ತುವ ಮೊದಲು ನೆಲ ಮುಟ್ಟಿ ಕೈಯನ್ನು ಕುತ್ತಿಗೆಗೆ ಒರೆಸಿಕೊಳ್ಳುತ್ತಾನೆ. ಯಾಕೆಂದು ಇಂದು ಕೇಳಿದೆ. "ನೆಲದ ಧೂಳು ಹಚ್ಚಿದ್ರ ಬೆವರಿಗೆ ಚೀಲ ಜಾರಲ್ಲ ಸಾಹೇಬ್ರ, ನೀವೇನು ದೇವರು ಅಂತ ತಿಳದಿದ್ರೇನು?" ಎಂದು ನಕ್ಕ. ಆಮೇಲೆ ಇನ್ನೂ ಏನೇನೋ ಹೇಳುತ್ತಾ ಹೋದ. ನಿಂತು ಕೇಳಿದೆ. ನನ್ನ ಗಾಡಿ ತಪ್ಪಿತು.

ವಿಚಾರಣೆಗೆ ಇನ್ನು ಒಂದು ವಾರವೂ ಇಲ್ಲ. ಏನು ಮಾಡಲಿ ತಿಳಿಯುತ್ತಿಲ್ಲ.

೪ ಜನವರಿ ೧೯೮೫, ಶುಕ್ರವಾರ

ವಿಚಾರಣೆ ಮುಗಿಯಿತು.

ದೊಡ್ಡ ಮೇಜು. ಮ್ಯಾನೇಜರ್, ಸರ್ಕಾರದಿಂದ ಬಂದ ಇನ್ಸ್‌ಪೆಕ್ಟರ್, ಯೂನಿಯನ್ನಿನ ಮನುಷ್ಯ, ಸರ್ವೋತ್ತಮ ರಾಯರು. ಮೂಲೆಯ ಸ್ಟೂಲಿನ ಮೇಲೆ ಅಂಬಾರಾಯ. ಪಟ್ಟಿ ಬಿಚ್ಚಿದ್ದರು. ನಾನು ಆ ಕೈಗಳನ್ನು ನೋಡಲಿಲ್ಲ.

ರಾಯರು ನನಗೆ ನೀರು ಕುಡಿಸಿ ಕೂರಿಸಿದರು. "ನಿಮ್ಮ ಮಗ ಈ ಆಪರೇಟರನ ಬಗ್ಗೆ ಮನೆಯಲ್ಲಿ ಹೇಳಿದ್ದುಂಟಲ್ಲ? ಅದನ್ನು ಹೇಳಿ. ನಾನು ಇವರಿಗೆ ಹಿಂದಿಯಲ್ಲಿ ಹೇಳ್ತೇನೆ."

"ಹೇಳಿದ್ದ," ಅಂದೆ. "ಒಂದು ಮಾತು ಹತ್ತು ಸಲ ಹೇಳಬೇಕು ಅಂದಿದ್ದ."

ರಾಯರು ಅನುವಾದಿಸಿದರು. ಮ್ಯಾನೇಜರ್ ಬರೆದುಕೊಳ್ಳಲು ಪೆನ್ನು ತೆಗೆದರು. ಅಲ್ಲಿಗೆ ನಾನು ಎದ್ದು ಬರಬಹುದಿತ್ತು. ಕುರ್ಚಿಯ ಹಿಡಿ ಬಿಟ್ಟಿದ್ದೆ ಕೂಡ.

"ಆದರ ಆ ದಿನ ಒಂದು ಸಲವೂ ಹೇಳಬೇಕಾಗಿರಲಿಲ್ರಿ. ಕೇಳಬೇಕಾಗಿತ್ತು," ಅಂದೆ. "ಕಾಯಿ ಒಡದು ಚಾವಿ ಎತ್ತಿ ಕೊಡಾಂವ ನನ್ನ ಮಗ. ಅವಗ ಅದು ಗೊತ್ತಿರಲಿಲ್ಲ. ಅವ ಕೇಳಲಿಲ್ಲ. ಈ ಅಂಬಾರಾಯರಿಗೆ, ಅವಗ ಗೊತ್ತಿಲ್ಲ ಅಂತ ಗೊತ್ತಿರಲಿಲ್ಲ. ಅದಕ್ಕ ಇವರು ಹೇಳಲಿಲ್ಲ."

ರಾಯರು ಇದನ್ನು ಅನುವಾದಿಸಲಿಲ್ಲ. ತಲೆ ತಗ್ಗಿಸಿ ಕುಳಿತರು. ನಾನೇ ನನಗೆ ಬಂದ ಹಿಂದಿಯಲ್ಲಿ ಹೇಳಿದೆ. ಮ್ಯಾನೇಜರ್ ಪೆನ್ನು ಮುಚ್ಚಿ, "ರಿಪೋರ್ಟ್ ಮೇ ನಾರಿಯಲ್ ಕಾ ಕ್ಯಾ ಕಾಮ್?" ಅಂದರು. ವರದಿಯಲ್ಲಿ ತೆಂಗಿನಕಾಯಿಗೇನು ಕೆಲಸ ಎಂದು. ಇಬ್ಬರು ನಕ್ಕರು. ಇನ್ಸ್‌ಪೆಕ್ಟರ್ ನಗಲಿಲ್ಲ. ಅಂಬಾರಾಯನ ಕಡೆ ತಿರುಗಿ ಕೇಳಲು ಶುರು ಮಾಡಿದರು.

ಗೇಟಿನ ಹೊರಗೆ ರಾಯರು ನನ್ನ ಜೊತೆ ಸ್ವಲ್ಪ ದೂರ ನಡೆದು ಬಂದರು. "ಎಂತ ಮಾಡಿದಿರಿ ನೀವು? ಮಗನ ಹೆಸರನ್ನು ಕೈಯಾರೆ..." ಎಂದು ತಿರುಗಿ ಗೇಟಿನ ಒಳಗೆ ಹೋದರು.

ಮನೆಗೆ ಬಂದು ಸುಶೀಲೆಗೆ ಹೇಳಿದೆ. ಅವಳು ಅಳಲಿಲ್ಲ.

"ಮಗನ್ನ ಎರಡನೇ ಸಲ ಮಣ್ಣು ಮಾಡಿ ಬಂದ್ರಿ," ಅಂದಳು.

೫ ಜನವರಿ, ಶನಿವಾರ

ಸುಶೀಲೆ ಮಾತು ಬಿಟ್ಟಿದ್ದಾಳೆ.

೧೩ ಜನವರಿ, ರವಿವಾರ

ನಾಳೆ ಸಂಕ್ರಾಂತಿ. ಎಳ್ಳು ತರಲಿಲ್ಲ. ಸುಶೀಲೆ ನನ್ನ ತಾಟು ಬಡಿಸಿಟ್ಟು ಗ್ಯಾಲರಿಯಲ್ಲಿ ಹೋಗಿ ಕೂರುತ್ತಾಳೆ. ನಾನು ಉಂಡು ಎದ್ದ ಮೇಲೆ ಬರುತ್ತಾಳೆ. ಮನೆಯಲ್ಲಿ ಮೂರು ಮಂದಿ ಸತ್ತ ಹಾಗಿದೆ.

ಮೊನ್ನೆ ಠಾಕುರ್ಲಿಯ ತಿರುವಿನಲ್ಲಿ ಮತ್ತೆ ಬಾಗಿಲಿಗೆ ಹೋಗಿ ನಿಂತಿದ್ದೆ. ಪಕ್ಕದಲ್ಲಿ ಒಬ್ಬ ಮುದುಕ ಮೀನಿನ ಬುಟ್ಟಿ ಹಿಡಿದು ನಿಂತಿದ್ದ. ಬುಟ್ಟಿಗೆ ಯಾಕೆ ಎಲೆಯನ್ನು ಹಾಗೆ ಅಡ್ಡಡ್ಡ ಹಾಸಿದ್ದೀಯೆಂದು ಕೇಳಿದೆ. ಅವನ ಮರಾಠಿ ಅರ್ಧ ತಿಳಿಯಲಿಲ್ಲ. ಕಲ್ಯಾಣ ಬಂತು, ಇಳಿದೆ.

೧೯ ಜನವರಿ, ಶನಿವಾರ

ಕೊನೆಯ ವರದಿ ಬಂದಿದೆ. ತಪ್ಪು ಇಬ್ಬರದೂ ಎಂದು ಇದೆಯಂತೆ. ಶಿಫ್ಟ್ ಇನ್‌ಚಾರ್ಜನದು ಮೊದಲು. ಅಂಬಾರಾಯನನ್ನು ಕೆಲಸದಿಂದ ತೆಗೆಯಲಿಲ್ಲ, ಗೋಡೌನಿನ ಕಾವಲಿಗೆ ಹಾಕಿದ್ದಾರೆ. ಪದಕದ ಮಾತು ಇಲ್ಲ.

ಫ್ಯಾಕ್ಟರಿಯಲ್ಲಿ ಇನ್ನು ಮುಂದೆ ಮಷೀನಿಗೆ ಪೂಜೆ ಮಾಡಕೂಡದೆಂದು ನೋಟೀಸು ಹಾಕಿದ್ದಾರಂತೆ. ಅಷ್ಟಕ್ಕೇ ಬಿಟ್ಟರು. ಇನ್ನೊಂದು ವರ್ಷಕ್ಕೆ ಇನ್ನೊಬ್ಬ ಹೊಸ ಹುಡುಗ ಬರುತ್ತಾನೆ. ಅವನಿಗೆ ಗೊತ್ತಿಲ್ಲದ್ದು ಬೇರೆ ಏನೋ ಇರುತ್ತದೆ.

ಹರಿಣಾಕ್ಷಿ ಮೇಡಂಗೆ ಒಂದು ಕಾರ್ಡು ಬರೆದೆ. ಆಪರೇಟರನ್ನು ಕೇಳಿದೆ ಎಂದಷ್ಟೇ ಬರೆದೆ.

೨೭ ಜನವರಿ, ರವಿವಾರ

ಮೇಡಂ ಮತ್ತೆ ಬಂದಿದ್ದರು. ಈ ಸಲ ಸುಶೀಲೆ ಒಳಗಿಂದ ಬರಲಿಲ್ಲ. ಎಲ್ಲ ಹೇಳಿದೆ. ಅವರು ನಡುವೆ ಮಾತನಾಡದೆ ಕೇಳಿದರು.

"ನಿಮ್ಮ ಆ ಶನಿವಾರದ ತಾಸಿನ್ಯಾಗ ಅವ ಚಂದಾಗಿ ಲಕ್ಷ್ಯ ಕೊಟ್ಟು ಕುಂತಿದ್ರ ಉಳೀತಿದ್ದನೇನ್ರಿ?" ಎಂದು ಕೇಳಿದೆ. ಇಷ್ಟು ದಿನ ಗಂಟಲಲ್ಲಿ ಇದ್ದ ಮಾತು.

"ಗೊತ್ತಿಲ್ಲ," ಅಂದರು. "ಲಕ್ಷ್ಯ ಕೊಟ್ಟವರೂ ಮರೀತಾರೆ. ನಾನು ಏನು ಮಾಡಬಹುದು? ಅವರ ಎದುರಿಗೆ ಒಬ್ಬ ಮನುಷ್ಯನನ್ನು ತಂದು ನಿಲ್ಲಿಸಬಹುದು, ಅಷ್ಟೇ." ಕೈಚೀಲ ಎತ್ತಿಕೊಂಡು, "ಬರುವ ಶನಿವಾರ ಕೊನೆಯ ಕ್ಲಾಸು. ಆಮೇಲೆ ಆ ತಾಸು ಇಲ್ಲ. ನೀವು ಬಂದು ಹೇಳ್ತೀರಾ? ಹೆಸರು ಹೇಳಬೇಕೆಂದಿಲ್ಲ. ಒಬ್ಬ ಇಂಜಿನಿಯರ್ ಅಂದರೆ ಸಾಕು," ಅಂದರು.

ಒಳಗೆ ಪಾತ್ರೆಯ ಸಪ್ಪಳ ನಿಂತಿತು.



೨ ಫೆಬ್ರವರಿ, ಶನಿವಾರ

ಹೋಗಿ ಬಂದೆ.

ಕಾಲೇಜಿನ ಮೂರನೇ ಮಾಳಿಗೆಯ ಕೋಣೆ. ಹುಡುಗರು ಬೆಂಚುಗಳ ಮೇಲೆ ದೊಡ್ಡ ಬಿಳಿ ಹಾಳೆಗಳನ್ನು ಹಾಸಿಕೊಂಡು ಗೆರೆ ಎಳೆಯುತ್ತಿದ್ದರು. ಕೆಲವರು ಕಿಟಕಿಯ ಹತ್ತಿರ ಮಲಗಿದ್ದರು. ಇವುಗಳಲ್ಲಿ ಯಾವ ಬೆಂಚು ಮಾಂತುವಿನದು ಎಂದು ಕೇಳಬೇಕೆಂದಿದ್ದೆ, ಕೇಳಲಿಲ್ಲ. ಮೇಡಂ ಹಾಜರಿ ತೆಗೆದ ಮೇಲೆ ಹಿಂದಿನವರು ಇಬ್ಬರು ಎದ್ದು ಹೋದರು. ಹೋಗುವಾಗ ಒಬ್ಬ ನನ್ನ ಟೋಪಿ ನೋಡಿ ಇನ್ನೊಬ್ಬನಿಗೆ, "ಗಾಂವ್ ಕಾ ಪಿಕ್ಚರ್ ಚಾಲೂ," ಅಂದ. ಹಳ್ಳಿಯ ಸಿನೆಮಾ ಶುರುವಾಯಿತು ಎಂದು.

ನನಗೆ ಮಂದಿಯ ಮುಂದೆ ನಿಂತು ಗೊತ್ತಿಲ್ಲ. ಗೋಡೆಯ ಕಡೆ ನೋಡಿ ಶುರು ಮಾಡಿದೆ. ಹಿಂದಿ, ನಡುನಡುವೆ ಮರಾಠಿ. ತೆಂಗಿನಕಾಯಿಯ ಮಾತು ಬಂದಾಗ ನಕ್ಕರು. ನಗಲಿ ಎಂದು ನಿಂತೆ. ಆಮೇಲೆ ಮುಂದೆ ಹೇಳಿದೆ. ಚಾವಿ ಹೂವಿನ ಕೆಳಗೆ ಇತ್ತು ಎಂದೆ. ಅಂಬಾರಾಯ ಒಂದು ಸಲ ಕೈ ಮುಗಿದ ಎಂದೆ. ಇನ್ನೊಂದು ಸಲ ಮುಗಿದ ಎಂದಾಗ ಒಬ್ಬ ಹುಡುಗ "ಅರೇ, ಉಠಾವೋ ನಾ!" ಎಂದು ಕೂಗಿಬಿಟ್ಟ. ಎತ್ತಿಕೋ ಎಂದು. ಆಮೇಲೆ ಯಾರೂ ನಗಲಿಲ್ಲ. ಗೆರೆ ಎಳೆಯುವ ಸಪ್ಪಳವೂ ನಿಂತಿತ್ತೋ, ನನಗೇ ಕೇಳಿಸಲಿಲ್ಲವೋ.

ಮುಂದಿನ ಸಾಲಿನಿಂದ ದಪ್ಪ ಕನ್ನಡಕದ ಒಬ್ಬ ಎದ್ದು ನಿಂತ. "ಅಂಕಲ್, ಗಲತೀ ಕಿಸ್ಕೀ ಥೀ? ಉಸ್ ಇಂಜಿನಿಯರ್ ಕೀ?"

ತಪ್ಪು ಯಾರದು, ಆ ಇಂಜಿನಿಯರನದೇ ಎಂದು. ನವೆಂಬರಿನಿಂದ ನಾನು ಯಾರ ಬಾಯಲ್ಲೂ ಬರಬಾರದೆಂದು ಬೇಡಿಕೊಂಡ ಮಾತು. ಅವನು ಕೆಟ್ಟ ಮನಸ್ಸಿನಿಂದ ಕೇಳಿರಲಿಲ್ಲ. ತಿಳಿದುಕೊಳ್ಳಬೇಕೆಂದೇ ಕೇಳಿದ್ದ.

"ಹೌದು," ಅಂದೆ. "ಅವನದೂ. ಕೇಳಿದ್ದರೆ ಅವರು ಹೇಳುತ್ತಿದ್ದರು. ಅವನು ಒಳ್ಳೆಯ ಹುಡುಗ. ಕೇಳಬೇಕೆಂದು ಅವನಿಗೆ ಹೊಳೆಯಲಿಲ್ಲ."

"ಆಪ್ ಉಸ್ಕೋ ಜಾನ್ತೇ ಥೇ?" ನಿಮಗೆ ಅವನ ಗುರುತಿತ್ತೇ ಎಂದ.

ಮೇಡಂ ನನ್ನ ಕಡೆ ನೋಡಿ, ಬೇಡ ಎನ್ನುವ ಹಾಗೆ ತಲೆ ಅಲ್ಲಾಡಿಸಿದರು.

"ನನ್ನ ಮಗ," ಅಂದೆ. "ಮಹಾಂತೇಶ ಬಸಲಿಂಗಪ್ಪ. ಇದೇ ಕಾಲೇಜು."

ಘಂಟೆ ಹೊಡೆಯಿತು. ಹುಡುಗರು ಹಾಳೆ ಸುತ್ತಿಕೊಂಡು ಹೊರಗೆ ಹೋದರು. ಕೆಲವರು ನನ್ನ ಹತ್ತಿರ ಬಂದಾಗ ಸುಮ್ಮನೆ ನಿಧಾನವಾದರು, ನಿಲ್ಲಲಿಲ್ಲ. ಆ ಕನ್ನಡಕದವನು ಮಾತ್ರ ಕುಳಿತೇ ಇದ್ದ. ಸುತ್ತಿದ ಹಾಳೆಯನ್ನು ಮತ್ತೆ ಬಿಚ್ಚಿ, ಮೂಲೆಯಲ್ಲಿ ಸಣ್ಣದಾಗಿ ಏನೋ ಬರೆದ. ಹೆಸರು ಹೇಗೆ ಬರೆಯುವುದೆಂದು ನನ್ನನ್ನು ಕೇಳಿದ. ಹೇಳಿದೆ.

ಮೇಡಂ ಕೋಣೆಯ ಬಾಗಿಲನ್ನು ತಾವೇ ಎಳೆದುಕೊಂಡರು. ಸೋಮವಾರ ಕಂಪ್ಯೂಟರಿನ ಮೇಜುಗಳು ಬರುತ್ತವಂತೆ.

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಸುಶೀಲೆ ಬಾಗಿಲಲ್ಲೇ ನಿಂತಿದ್ದಳು. ಸುಮಾರು ಒಂದು ತಿಂಗಳಲ್ಲಿ ಅವಳು ತಾನಾಗಿ ಆಡಿದ ಮೊದಲ ಮಾತು:

"ಅವನ ಹೆಸರು ಹೇಳಿದ್ರೇನು?"

"ಹೇಳಿದೆ."

"ತಪ್ಪು ಅವಂದು ಅಂತನೂ?"

"ಅದನೂ ಹೇಳಿದೆ."

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಆಮೇಲೆ, "ಹುಡುಗರು ಏನ್ ಮಾಡಿದ್ರು?" ಅಂದಳು.

"ಬರಕೊಂಡ್ರು," ಅಂದೆ.

ಅವಳು ತಲೆಯಾಡಿಸಿ ಒಳಗೆ ಹೋದಳು. ನೆಲದ ಮೇಲೆ ತಾಟು ಇಟ್ಟ ಸಪ್ಪಳ ಕೇಳಿತು. ಆಮೇಲೆ ಅದರ ಪಕ್ಕ ಇನ್ನೊಂದು.

ಬರೆದುಕೊಂಡವನು ಒಬ್ಬನೇ ಎಂದು ನಾನು ಹೇಳಲಿಲ್ಲ.